ಶ್ಮಶ್ರುವಿಗೆ ಸ್ನೇಹ

ಸಂಸ್ಕೃತದಲ್ಲಿ ಸ್ನೇಹವೆಂಬ ಒಂದೇ ಶಬ್ದವು ಎಣ್ಣೆಯನ್ನೂ ಪ್ರೀತಿಯನ್ನೂ ಸೂಚಿಸುತ್ತದೆ. ಗಡ್ಡವನ್ನು ಉದ್ದವಾಗಿ ಬೆಳೆಸಿ ಕಾಪಾಡಿದ ಜನಾಂಗಗಳ ಚರಿತ್ರೆಯನ್ನು ನೋಡಿದರೆ ಈ ಎರಡರ್ಥಗಳೂ ಅಲ್ಲಿ ಒಂದಾಗಿ ಬೆರೆತಿರುವುದು ಕಂಡುಬರುತ್ತದೆ.

ಉದ್ದವಾದ ಗಡ್ಡವು ಸ್ವಭಾವತಃ ಒಣಗುವಂಥದು. ಕೂದಲ ಬುಡದಲ್ಲಿ ಚರ್ಮವು ತಾನೇ ಸ್ವಲ್ಪ ಜಿಡ್ಡನ್ನು ಒಸರುತ್ತದೆ; ಆದರೆ ಆ ಜಿಡ್ಡು ತುದಿಯವರೆಗೆ ಹರಿಯಲಾರದು. ಗಡ್ಡದ ಕೂದಲು ತಿಂಗಳಿಗೆ ಹೆಚ್ಚೆಂದರೆ ಅರ್ಧ ಅಂಗುಲದಷ್ಟು ಬೆಳೆಯುತ್ತದೆಯಾಗಿ, ಒಂದು ಅಡಿ ಉದ್ದದ ಗಡ್ಡದ ತುದಿಯು ಎರಡು ವರ್ಷಕ್ಕೂ ಹಳೆಯದು. ಅಷ್ಟು ಕಾಲ ಬಿಸಿಲು, ಧೂಳು, ನೀರು, ಬಾಚಣಿಗೆಗಳ ಪೆಟ್ಟನ್ನು ತಿಂದ ಕೂದಲು ಸೀಳದೆ ಉಳಿಯಬೇಕಾದರೆ ಹೊರಗಿನಿಂದ ಎಣ್ಣೆಯನ್ನು ಊಡಲೇಬೇಕು. ಆದುದರಿಂದ ಗಡ್ಡಕ್ಕೆ ಗೌರವವಿದ್ದ ದೇಶಗಳಲ್ಲಿ ಎಣ್ಣೆಗೂ ಗೌರವವಿದ್ದುದು ಸಹಜವೇ ಸರಿ.

ಪಶ್ಚಿಮ ಏಷ್ಯದಲ್ಲಿ ಇದು ಸ್ಪಷ್ಟವಾಗಿದೆ. ಕ್ರಿ. ಪೂ. ಒಂಬತ್ತನೆಯ ಶತಮಾನದಲ್ಲಿ ಆಳಿದ ಅಸ್ಸೀರಿಯದ ದೊರೆ ಎರಡನೆಯ ಅಶ್ಶೂರ್‌ನಾಸಿರ್‌ಪಾಲನ ಶಿಲಾಚಿತ್ರಗಳಲ್ಲಿ ಎದೆಯವರೆಗೆ ಇಳಿದ ಗಡ್ಡವು ಸಾಲುಸಾಲಾದ ಸುರುಳಿಗಳಾಗಿ ಕಡೆಯಲ್ಪಟ್ಟಿದೆ. ಬಾಬಿಲೋನಿನ ಜನರು ಎಳ್ಳಿನಿಂದ ತೆಗೆದ ಎಣ್ಣೆಯನ್ನು ಬಿಟ್ಟು ಬೇರೆಯದನ್ನು ಬಳಸುವುದಿಲ್ಲವೆಂದೂ, ಮೈಗೆಲ್ಲ ಸುಗಂಧವನ್ನು ಪೂಸಿಕೊಳ್ಳುವರೆಂದೂ ಗ್ರೀಕ್ ಚರಿತ್ರಕಾರನಾದ ಹೆರೊಡೊಟಸನು ಬರೆದಿದ್ದಾನೆ. ಯೆಹೂದ್ಯರ ಕೀರ್ತನೆಗಳಲ್ಲಿ ೧೩೩ನೆಯದು ಸಹೋದರರ ಒಗ್ಗಟ್ಟನ್ನು ಹೋಲಿಸುವುದು, ಮಹಾಯಾಜಕನಾದ ಆರೋನನ ತಲೆಯಿಂದ ಗಡ್ಡಕ್ಕೆ ಇಳಿದು ಹರಿಯುವ ತೈಲಕ್ಕೆ.

ಭಾರತದಲ್ಲಿ ಮಾತ್ರ ಈ ಎರಡಕ್ಕೂ ಒಂದು ವಿಚಿತ್ರವಾದ ಅಗಲಿಕೆಯುಂಟಾಯಿತು. ಋಗ್ವೇದದ ಇಂದ್ರನು ಹೊಂಬಣ್ಣದ ಗಡ್ಡದವನು. ಆದರೆ ಮುಂದಿನ ಶಾಸ್ತ್ರಗಳು ಗೃಹಸ್ಥನಿಗೆ ಒಂದು ದಾರಿಯನ್ನೂ ತಪಸ್ವಿಗೆ ಇನ್ನೊಂದನ್ನೂ ವಿಧಿಸಿದವು. ದಿನವೂ ತಲೆಗೆ ಎಣ್ಣೆಯನ್ನು ಹಚ್ಚುವವನಿಗೆ ಕೂದಲುದುರುವುದಾಗಲಿ, ಅಕಾಲದಲ್ಲಿ ನರೆಯುವುದಾಗಲಿ ಇಲ್ಲವೆಂದು ಹೇಳುವ ಚರಕಸಂಹಿತೆಯೇ, ಕೂದಲು ಗಡ್ಡಗಳನ್ನು ಪಕ್ಷಕ್ಕೆ ಮೂರು ಸಲ ಕತ್ತರಿಸಿಕೊಳ್ಳಬೇಕೆಂದೂ ಹೇಳುತ್ತದೆ. ಇತ್ತ ಮನುಸ್ಮೃತಿಯು ವಾನಪ್ರಸ್ಥನಿಗೆ ಜಟೆಯನ್ನೂ ಗಡ್ಡವನ್ನೂ ವಿಧಿಸಿ, ಬ್ರಹ್ಮಚಾರಿಗೆ ಅಭ್ಯಂಗವನ್ನು ನಿಷೇಧಿಸುತ್ತದೆ. ಎಣ್ಣೆಯುಳ್ಳವನಿಗೆ ಗಡ್ಡವಿಲ್ಲ, ಗಡ್ಡವುಳ್ಳವನಿಗೆ ಎಣ್ಣೆಯಿಲ್ಲ ಎಂಬಂತಾಯಿತು.

ಹೀಗಾದರೂ ಕೇಶಸಂಸ್ಕಾರದ ವಿದ್ಯೆಯು ಕುಂದಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ನರೆಗೂದಲಿಗೆ ಒಂದು ಕ್ರಮವನ್ನು ಹೇಳಿದ್ದಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕಬ್ಬಿಣದ ಪುಡಿಯೊಡನೆ ಹುಳಿರಸದಲ್ಲಿ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿ ಎಲೆಗಳಿಂದ ಸುತ್ತಬೇಕು. ಎರಡು ಪ್ರಹರಗಳ ಮೇಲೆ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನಿಟ್ಟು, ಮತ್ತೆ ಎಲೆ ಸುತ್ತಿ, ಇನ್ನೆರಡು ಪ್ರಹರಗಳು ಕಳೆದ ಮೇಲೆ ತೊಳೆಯಬೇಕು. ಕೊನೆಗೆ ಕಬ್ಬಿಣದ ವಾಸನೆ ಹೋಗಲು ಸುಗಂಧತೈಲ. ನೆಲ್ಲಿಯ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುವುದು ರಸಾಯನಶಾಸ್ತ್ರಕ್ಕೆ ಒಪ್ಪುವ ಮಾತೇ. ಲೇಪವು ಒಣಗದಂತೆ ಎಲೆ ಸುತ್ತಿ ಅರ್ಧ ದಿನ ಕಾಯುವುದರಲ್ಲಿ ಆಳವಾದ ಆರೈಕೆಯ ಮರ್ಮವೆಲ್ಲ ಅಡಗಿದೆ. ಕನ್ನಡ ನಾಡಿನಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (೧೧೨೬–೧೧೩೮) ಮಾನಸೋಲ್ಲಾಸದಲ್ಲಿ ಸ್ನಾನವನ್ನು ಅರಸನ ಭೋಗಗಳಲ್ಲಿ ಒಂದಾಗಿ ಎಣಿಸಿದನು.

ಅಗಲಿದ್ದ ಎರಡನ್ನೂ ಕೂಡಿಸಿದ ಕೀರ್ತಿ ಸಿಖ್ಖರದು. ೧೬೯೯ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹನು ಖಾಲ್ಸಾವನ್ನು ಸ್ಥಾಪಿಸಿದನು. ಖಾಲ್ಸಾದವರ ಐದು ಚಿಹ್ನೆಗಳಲ್ಲಿ ಕತ್ತರಿಸದ ಕೇಶವು ಒಂದು, ಬಾಚಣಿಗೆಯಾದ ಕಂಘಾ ಮತ್ತೊಂದು. ಕೂದಲನ್ನು ಉಳಿಸಬೇಕು, ಆದರೆ ಜಟೆಗಟ್ಟಲು ಬಿಡಬಾರದು. ಲೋಕವನ್ನು ತೊರೆದವನ ಗಡ್ಡವನ್ನು ಲೋಕದೊಳಗೆ ನಿಂತು ದುಡಿಯುವವನಿಗೆ ಕೊಟ್ಟು, ಅದರ ಜೊತೆಗೆ ದಿನನಿತ್ಯದ ಆರೈಕೆಯ ಭಾರವನ್ನೂ ಹೊರಿಸಿದಂತಾಯಿತು.

ಅದೇ ಕಾಲದಲ್ಲಿ ರಷ್ಯದಲ್ಲಿ ನಡೆದುದು ಇದಕ್ಕೆ ವಿರುದ್ಧ. ೧೫೫೧ರ ಧರ್ಮಸಭೆಯು ಕ್ಷೌರವನ್ನು ನಿಷೇಧಿಸಿತ್ತು. ಗಡ್ಡವು ಅಲ್ಲಿ ದೇವರ ಸಾರೂಪ್ಯದ ಗುರುತಾಗಿತ್ತು. ೧೬೯೮ರಲ್ಲಿ ಯುರೋಪಿನ ಪ್ರವಾಸದಿಂದ ಹಿಂದಿರುಗಿದ ಜಾರ್ ಪೀಟರನು ತನ್ನ ಸರದಾರರ ಗಡ್ಡಗಳನ್ನು ಸ್ವಹಸ್ತದಿಂದಲೇ ಕತ್ತರಿಸಿದನು. ೧೭೦೫ರಲ್ಲಿ ಗಡ್ಡದ ಮೇಲೆ ತೆರಿಗೆ ಬಂದಿತು: ದೊಡ್ಡ ವರ್ತಕರಿಗೆ ವರ್ಷಕ್ಕೆ ೧೦೦ ರೂಬಲುಗಳು, ಪಟ್ಟಣದ ಬಾಗಿಲನ್ನು ದಾಟುವ ರೈತನಿಗೆ ಸಲಸಲಕ್ಕೂ ಒಂದು ಕೊಪೆಕ್. ಹಣ ಕೊಟ್ಟವನಿಗೆ ಮೀಸೆಗಡ್ಡಗಳ ಚಿತ್ರವುಳ್ಳ ಬಿಲ್ಲೆ ದೊರೆಯುತ್ತಿತ್ತು. ಜಾರನ ಬಳಿ ಕೆಲಸದಲ್ಲಿದ್ದ ಆಂಗ್ಲ ಯಂತ್ರಶಿಲ್ಪಿ ಜಾನ್ ಪೆರಿಯು ೧೭೧೬ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಒಬ್ಬ ಬಡಗಿಯ ವಿಷಯವನ್ನು ತಿಳಿಸಿದ್ದಾನೆ. ಆಗ ತಾನೇ ಕ್ಷೌರ ಮಾಡಿಸಿಕೊಂಡಿದ್ದ ಆ ಬಡಗಿಯು ಕತ್ತರಿಸಿದ ಗಡ್ಡವನ್ನು ಎದೆಯ ಬಳಿ ಬಚ್ಚಿಟ್ಟುಕೊಂಡಿದ್ದನು. ಸತ್ತಾಗ ಅದನ್ನು ಶವಪೆಟ್ಟಿಗೆಯಲ್ಲಿ ಇರಿಸಬೇಕು, ಪರಲೋಕದಲ್ಲಿ ಸಂತ ನಿಕೊಲಾಸನಿಗೆ ಲೆಕ್ಕ ಒಪ್ಪಿಸಬೇಕು ಎಂಬುದೇ ಅವನ ಉದ್ದೇಶ. ಆ ತೆರಿಗೆಯು ೧೭೭೨ರಲ್ಲಿ ಎರಡನೆಯ ಕ್ಯಾಥರೀನಳ ಕಾಲದಲ್ಲಿ ರದ್ದಾಯಿತು.

ಆರೈಕೆಯ ಹಳೆಯ ರೂಢಿಯು ಬರಿಯ ನಂಬಿಕೆಯಲ್ಲವೆಂಬುದು ಈಚೆಗೆ ತಿಳಿದಿದೆ. ತೆಂಗಿನೆಣ್ಣೆಯು ಕೂದಲ ಒಳಕ್ಕೆ ಇಳಿದು, ತೊಳೆಯುವಾಗ ಅದರ ಸಾರವು ನಷ್ಟವಾಗುವುದನ್ನು ತಗ್ಗಿಸುತ್ತದೆಂದೂ, ಸೂರ್ಯಕಾಂತಿಯ ಎಣ್ಣೆಗೆ ಮತ್ತು ಖನಿಜತೈಲಕ್ಕೆ ಆ ಗುಣವಿಲ್ಲವೆಂದೂ ೨೦೦೩ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆದುದರಿಂದ ಎಣ್ಣೆಯನ್ನು ಸ್ನಾನಕ್ಕೆ ಮೊದಲೇ ಹಚ್ಚಿ, ಬುಡದಿಂದ ತುದಿಯವರೆಗೆ ತೀಡಿ, ಸಿಕ್ಕನ್ನು ತುದಿಯಿಂದ ಮೇಲಕ್ಕೆ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ, ಕೆಲವು ಗಂಟೆಗಳು ಬಟ್ಟೆ ಸುತ್ತಿ, ಬಳಿಕ ಹದವಾಗಿ ತೊಳೆಯುವುದೇ ಯುಕ್ತವಾದ ಕ್ರಮ. ತುದಿ ಸೀಳಿದ ಮೇಲೆ ಎಷ್ಟು ಎಣ್ಣೆಯನ್ನೆರೆದರೂ ಆ ಸೀಳು ಕೂಡುವುದಿಲ್ಲ. ಗಡ್ಡಕ್ಕೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ಎಂಬ ಗಾದೆಯು ಇಲ್ಲಿಗೂ ಒಪ್ಪುತ್ತದೆ.

ಅಮ್ಮೋನಿಯರ ಅರಸನಾದ ಹಾನೂನನು ದಾವೀದನ ರಾಯಭಾರಿಗಳ ಗಡ್ಡವನ್ನು ಅರ್ಧ ಬೋಳಿಸಿ ಕಳುಹಿಸಿದಾಗ, ಗಡ್ಡ ಬೆಳೆಯುವ ತನಕ ಯೆರಿಕೋವಿನಲ್ಲಿಯೇ ನಿಲ್ಲುವಂತೆ ದಾವೀದನು ಅವರಿಗೆ ಹೇಳಿಕಳುಹಿಸಿದನೆಂದು ಬೈಬಲ್ ಹೇಳುತ್ತದೆ. ಆ ಅಪಮಾನದಿಂದ ಯುದ್ಧವೇ ಹುಟ್ಟಿತು. ಕತ್ತರಿಯ ಒಂದು ಕ್ಷಣದ ಕೆಲಸವನ್ನು ಸರಿಪಡಿಸಲು ತಿಂಗಳುಗಳು ಬೇಕು. ದಿನದಿನವೂ ಎಣ್ಣೆಯೂಡಿ ಸಾಕಿದವನು ಕಾಪಾಡಿದ್ದು ಬರಿಯ ಕೂದಲನ್ನಲ್ಲ, ತನ್ನ ಮುಖವು ತನ್ನದೇ ಎಂಬ ಹಕ್ಕನ್ನು. ಅರಸರು ಅದನ್ನು ಕತ್ತರಿಸಲೂ, ಅದಕ್ಕೆ ಬೆಲೆ ಕಟ್ಟಲೂ ಹೊರಟುದಕ್ಕೆ ಕಾರಣವೂ ಅದೇ.