ಒಂದು ಪ್ಯಾಕೇಜಿನ ಬೆನ್ನಿಗೆ ಹತ್ತು ಪ್ಯಾಕೇಜು

ಇಂದು ಲಿನಕ್ಸ್‌ನಲ್ಲಿ ಒಂದು ಆಜ್ಞೆ ಕೊಟ್ಟರೆ ಸಾಕು, ಬೇಕಾದ ತಂತ್ರಾಂಶ ತಾನಾಗಿ ಬಂದು ಕೂರುತ್ತದೆ. ಮೊದಲು ಹೀಗಿರಲಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಡೆಬಿಯನ್ ಆರಂಭಿಸಿದಾಗ ಅವರಿಗೆ 20 ವರ್ಷ. ನಿಮ್ಮಲ್ಲಿ ಅನೇಕರ ವಯಸ್ಸೂ ಅಷ್ಟೇ ಅಲ್ಲವೇ?

ಒಂದು ತಂತ್ರಾಂಶ ಕೆಲಸ ಮಾಡಲು ಬೇರೆಯವರು ಬರೆದ ಲೈಬ್ರರಿಗಳು ಬೇಕು. ಆ ಲೈಬ್ರರಿಗಳಿಗೆ ಮತ್ತಷ್ಟು ಬೇಕು. ಇದೇ ಅವಲಂಬನೆ. ಡೆಬಿಯನ್‌ನ 'ಡಿಪಿಕೆಜಿ' ಇದನ್ನು ಪರಿಶೀಲಿಸಿ, ಇಂಥದ್ದು ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಒಂದನ್ನು ಹುಡುಕಿ ತಂದರೆ ಅದು ಇನ್ನೆರಡನ್ನು ಕೇಳುವುದು! 1999ರ ಮಾರ್ಚ್‌ನಲ್ಲಿ ಡೆಬಿಯನ್ 2.1ರೊಂದಿಗೆ ಬಂದ 'ಆಪ್ಟ್' ಈ ಸರಪಳಿಯನ್ನೆಲ್ಲ ತಾನೇ ಲೆಕ್ಕಹಾಕಿ, ಕ್ರಮವಾಗಿ ತಂದು ಜೋಡಿಸತೊಡಗಿತು.

ಕೆಲಸ ಸುಲಭವಾಯಿತು, ನಿಜ. ಆದರೆ ಏನೇನು ಬಂದು ಕೂತಿದೆ ಎಂದು ನೋಡುವ ಅಭ್ಯಾಸ ನಮಗೆ ತಪ್ಪಿತು. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣವನ್ನೇ ನೋಡಿ. ಕಡತ ಕುಗ್ಗಿಸುವ ಈ ಪುಟ್ಟ ಲೈಬ್ರರಿಗೂ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್‌ಗೂ ನೇರ ಸಂಬಂಧವಿಲ್ಲ. ಡೆಬಿಯನ್ ಮುಂತಾದವರು ಅದಕ್ಕೆ ಸಿಸ್ಟಮ್‌ಡಿ ಲೈಬ್ರರಿ ಜೋಡಿಸಿದ್ದರು. ಅದರ ಬೆನ್ನಿಗೆ ಎಕ್ಸ್‌ಝಡ್ ಬಂತು. ಹೊರೆಯಿಂದ ಬಳಲಿದ್ದ ಒಬ್ಬ ಸ್ವಯಂಸೇವಕನ ವಿಶ್ವಾಸ ಗಳಿಸಿ ಸಹನಿರ್ವಾಹಕನಾದವನು ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದ. ಲಾಗಿನ್‌ಗೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಆಂಡ್ರೆಸ್ ಫ್ರೋಯಿಂಡ್ ಎಂಬ ಇಂಜಿನಿಯರ್ ಕೆದಕಿದ್ದರಿಂದ, ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ಮುಟ್ಟುವ ಮೊದಲೇ ಅದು ಸಿಕ್ಕಿಬಿತ್ತು.