ಅದಿರಿನ ಅಂಕಿ, ತಂತಿಯ ಸಾಕ್ಷಿ

ನಮ್ಮ ಸಂಡೂರಿನ ಅದಿರಿಗೆ ಬೆಲೆ ಕಟ್ಟುವುದು ಅದರ ಬಣ್ಣ ನೋಡಿ ಅಲ್ಲ, ಒಂದು ಅಂಕಿ ನೋಡಿ: ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟು? 1977ರಲ್ಲಿ ದೋಣಿಮಲೈ ಗಣಿ ಆರಂಭವಾದ ಕಾಲಕ್ಕೆ ಈ ಅಂಕಿಯನ್ನು ಪಡೆಯುವ ರೂಢಿಯ ದಾರಿ ಬ್ಯುರೆಟ್ಟು. ಅದಿರನ್ನು ಆಮ್ಲದಲ್ಲಿ ಕರಗಿಸಿ, ಡೈಕ್ರೋಮೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ನೇರಳೆ ಬಣ್ಣ ಮೂಡಿದೊಡನೆ ನಿಲ್ಲಿಸಿ, ಗೆರೆ ಓದಿ, ಲೆಕ್ಕ ಮಾಡಿ ಪುಸ್ತಕದಲ್ಲಿ ಬರೆಯಬೇಕು. ಕಣ್ಣು ಓದಿದ್ದನ್ನು ಕೈ ಬರೆಯುವಷ್ಟರಲ್ಲಿ 3 ಎಂಬುದು 8 ಆಗಬಹುದು. ಬೇಕೆಂದವರು ಹಾಗೆ ಮಾಡಲೂಬಹುದು.

ಅಳೆಯುವ ಸಾಧನಕ್ಕೂ ಲೆಕ್ಕದ ಪುಸ್ತಕಕ್ಕೂ ನಡುವಿನ ಈ ಕೈಯನ್ನು ತೆಗೆಯುವ ಪ್ರಯತ್ನ ಅಷ್ಟರಲ್ಲೇ ಅಮೆರಿಕದಲ್ಲಿ ನಡೆದಿತ್ತು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ರೂಪಿಸಿದ ಜೋಡಣೆಯೊಂದು 1975ರಲ್ಲಿ ಐಇಇಇ 488 ಎಂಬ ಹೆಸರಿನಿಂದ ಎಲ್ಲರಿಗೂ ಸಲ್ಲುವ ಮಾನಕವಾಯಿತು. ಒಂದೇ ತಂತಿಸಾಲಿಗೆ ಕಂಪ್ಯೂಟರೂ ಸೇರಿ 15 ಸಾಧನಗಳು. ತಂತಿಯ ಒಟ್ಟು ಉದ್ದ 20 ಮೀಟರು. ಪಾಠ ಹೇಳುವ ನನಗೆ ಅದರ ಒಂದು ನಿಯಮ ಬಹಳ ಹಿಡಿಸಿತು. ಕೇಳುತ್ತಿರುವ ಸಾಧನಗಳಲ್ಲಿ ಅತಿ ನಿಧಾನದ್ದೂ ‘ತೆಗೆದುಕೊಂಡೆ’ ಎನ್ನುವ ತನಕ ಮುಂದಿನ ಅಕ್ಷರ ಹೊರಡುವುದಿಲ್ಲ. ಉಕ್ತಲೇಖನ ಕೊಡುವಾಗ ಕೊನೆಯ ಬೆಂಚಿನ ಹುಡುಗನಿಗಾಗಿ ನಾವು ಕಾಯುವುದಿಲ್ಲವೇ, ಹಾಗೆ!

2005ರಲ್ಲಿ ಬಂದ ಎಲ್‌ಎಕ್ಸ್‌ಐ ಮಾನಕವು ಪರೀಕ್ಷಾ ಸಾಧನಗಳನ್ನು ಕಚೇರಿಯ ಕಂಪ್ಯೂಟರುಗಳು ಬಳಸುವ ಈಥರ್‌ನೆಟ್ ಜಾಲಕ್ಕೇ ಸೇರಿಸಿತು. 20 ಮೀಟರಿನ ಕಟ್ಟು ಕಳಚಿತು. ಇಂದು ಎಕ್ಸ್‌ರೇ ಹಾಯಿಸಿ ಅದಿರನ್ನು ಪರೀಕ್ಷಿಸುವ ಯಂತ್ರ ತಾನು ಕಂಡ ಅಂಕಿಯನ್ನು ತಾನೇ ಜಾಲಕ್ಕೆ ಕಳಿಸಬಲ್ಲದು.

ಇದರ ಬೆಲೆ ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತು. 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಅಕ್ರಮ ಗಣಿಗಾರಿಕೆಯನ್ನು ಬಯಲಿಗೆಳೆಯಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಕಾಗದದ ಲೆಕ್ಕವನ್ನು ಯಾರೂ ನಂಬದಂತಾಗಿತ್ತು. ಆಮೇಲೆ ಅದಿರಿನ ಮಾರಾಟ ಇ-ಹರಾಜಿಗೆ ಬಂತು. ದೂರದಲ್ಲಿ ಕುಳಿತು ಹರಾಜು ಕೂಗುವವನಿಗೆ ಅಂಕಿಯೇ ಕಣ್ಣು.

ಆದರೆ ತಂತಿಯ ಸಾಕ್ಷಿ ಯಂತ್ರದಿಂದ ಮುಂದಕ್ಕೆ ಮಾತ್ರ. ರಾಶಿಯಿಂದ ಯಂತ್ರದವರೆಗಿನ ದಾರಿಗೆ ಮನುಷ್ಯನೇ ಹೊಣೆ. ಒಳ್ಳೆಯ ಅದಿರನ್ನಷ್ಟೇ ಆರಿಸಿ ಪರೀಕ್ಷೆಯ ಚೀಲ ತುಂಬಿದರೆ, ಜಾಲ ಆ ಸುಳ್ಳನ್ನೂ ಒಂದಂಕಿ ತಪ್ಪದೆ ಮುಟ್ಟಿಸುತ್ತದೆ. ವಿಜ್ಞಾನ ಓದಿ ಗಣಿಯ ಪ್ರಯೋಗಾಲಯ ಸೇರುವ ನಮ್ಮ ಮಕ್ಕಳಿಗೆ ನಾನು ಹೇಳುವುದಿಷ್ಟು: ಕಂಪ್ಯೂಟರು ಕಲಿಯಿರಿ, ಅದಕ್ಕೂ ಮೊದಲು ರಾಶಿಯ ನಾಲ್ಕೂ ಮಗ್ಗುಲಿನಿಂದ, ಮೇಲಿನಿಂದಲೂ ಒಳಗಿನಿಂದಲೂ ಮಾದರಿ ತೆಗೆಯುವುದನ್ನು ಕಲಿಯಿರಿ.