ಮೂರು ಥರದ ಕಾವಲು

ಹೋದ ವರ್ಷದ ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ಹುಲ್ಲಿಗೆ ಅಂತ ಬಿಟ್ಟಿದ್ದ ಎರಡು ಎಕರೆಗೆ ಮಳೆಗಾಲ ಪೂರ್ತಿ ದನ ಬಿಡಲಿಲ್ಲ. ಬೆಳೀಲಿ, ಬೇಸಿಗೆಗೆ ಆಗುತ್ತೆ ಅಂತ. ಹುಲ್ಲು ಎದೆಮಟ್ಟ ಬಂತು. ಜನವರಿಯಲ್ಲಿ ದನ ಹೊಡೆದೆ. ಶಿವರಾತ್ರಿ ಹೊತ್ತಿಗೆ ಪಕ್ಕೆಲುಬು ಎಣಿಸೋ ಹಾಗಾದವು, ಒಂದು ಹಸುವೂ ಬೆದೆಗೆ ಬರಲಿಲ್ಲ. ಅಷ್ಟು ಹುಲ್ಲಿದ್ದೂ ಯಾಕೆ ಹೀಗೆ?

ಇದಕ್ಕೆ ಉತ್ತರ ಅಮೃತ ಮಹಲ್ ಕಾವಲುಗಳ ಇತಿಹಾಸದಲ್ಲಿ ಸಿಕ್ಕಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದರ ಹೆಸರು ಬೆಣ್ಣೆ ಚಾವಡಿ. ಅಮೃತ ಮಹಲ್ ಅಂತ ಹೆಸರಿಟ್ಟದ್ದು ಟಿಪ್ಪು. ಹೈದರನ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಅಂತ ಬ್ರಿಟಿಷರೇ ಬರೆದಿದ್ದಾರೆ. ನಾವು ತಳಿಯನ್ನು ಹೊಗಳ್ತೀವಿ. ಆ ತಳಿ ತಿಂದ ಹುಲ್ಲಿನ ಲೆಕ್ಕ ಕೇಳೋದಿಲ್ಲ.

ಆ ಕಾವಲುಗಳಲ್ಲಿ ಮೂರು ಥರ: ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು. ಮೊದಲೆರಡರಲ್ಲಿ ಆಯಾ ಕಾಲಕ್ಕೆ ಹುಲ್ಲು ನೀರು ಧಾರಾಳ, ಬೇಸಿಗೆಗೆ ಒಣಗ್ತಿದ್ದವು. ಬೇಸಿಗೆ ಕಾವಲು ಅಂದರೆ ಹೆಚ್ಚಾಗಿ ಕೆರೆಯಂಗಳ. ನೀರು ಹಿಂದೆ ಸರಿದಂತೆ ಆ ತೇವದ ಮಣ್ಣಲ್ಲಿ ಹೊಸ ಹುಲ್ಲು ಚಿಗುರುತ್ತೆ, ನೆರಳಿಗೆ ಮರಗಳೂ ಇರ್ತಿದ್ದವು. ಊರೆಲ್ಲಾ ಒಣಗಿ ನಿಂತಾಗ ಆ ದನಗಳ ಬಾಯಿಗೆ ಎಳೇ ಹುಲ್ಲು!

ಗುಟ್ಟು ಇರೋದೇ ಅಲ್ಲಿ. ನಮ್ಮ ಬಿಸಿಲು ಸೀಮೆಯ ಹುಲ್ಲು ಬಲು ಬೇಗ ಬಲಿಯುತ್ತೆ. ಎಳೆಯದಿದ್ದಾಗ ಒಣತೂಕದಲ್ಲಿ ನೂರಕ್ಕೆ 10ರ ಮೇಲೂ ಪ್ರೋಟೀನ್ ಇರಬಹುದು. ತೆನೆ ಬಂದು ಒಣಗಿದ ಮೇಲೆ 3-4ಕ್ಕೆ ಇಳಿಯುತ್ತೆ, ಕಾಂಡ ನಾರಾಗುತ್ತೆ. ಸುಮಾರು 7ಕ್ಕಿಂತ ಕಡಿಮೆಯಾದರೆ ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ಮೇವು ಬೇಗ ಕರಗೋದಿಲ್ಲ, ಹೊಟ್ಟೆ ಖಾಲಿಯಾಗೋದಿಲ್ಲ, ದನ ತಿನ್ನೋದೇ ಕಡಿಮೆ ಮಾಡುತ್ತೆ. ನಾನು ಬೆಳೆಸಿದ್ದು ಮೇವಲ್ಲ, ಸೂರಿಗೆ ಹೊದಿಸೋ ಹುಲ್ಲು.

ಹಾಗಂತ ವರ್ಷಪೂರ್ತಿ ಒಂದೇ ಕಡೆ ಮೇಯಿಸಿದರೂ ಕೆಟ್ಟಿತು. ಚಿಗುರಿದ್ದನ್ನೆಲ್ಲ ಕಿತ್ತು ತಿಂದರೆ ಬೇರು ಸೋಲುತ್ತೆ, ದನ ಇಷ್ಟಪಡೋ ಹುಲ್ಲೇ ಮೊದಲು ಸಾಯುತ್ತೆ, ಮೂಸದ ಕಳೆ ಉಳಿಯುತ್ತೆ. ದನ ಕಾವಲಿಂದ ಕಾವಲಿಗೆ ಹೋದಾಗ ಹಿಂದಿನ ಕಾವಲಿಗೆ ವಿಶ್ರಾಂತಿ ಸಿಗ್ತಿತ್ತು.

1799ರಲ್ಲಿ ಈ ದನಗಳು ಬ್ರಿಟಿಷರ ಕೈಗೆ ಹೋದವು. 1860ರಲ್ಲಿ ಖರ್ಚು ಉಳಿಸೋಕೆ ಹಿಂಡನ್ನೇ ಮಾರಿಬಿಟ್ಟರು. ಆಮೇಲೆ ಸೈನ್ಯಕ್ಕೆ ಒಳ್ಳೇ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯ್ತು. ದನವನ್ನೇನೋ ಮತ್ತೆ ಕೂಡಿಸಬಹುದು. ಕಾವಲು ಹೋದರೆ? ಇವತ್ತು ಎಷ್ಟೋ ಕಾವಲು ಹೊಲ, ನೆಡುತೋಪು, ಕಟ್ಟಡ ಆಗಿವೆ. ಮೂರರಲ್ಲಿ ಒಂದು ಥರದ್ದು ತಪ್ಪಿದರೂ ಆ ವರ್ಷದ ಸುತ್ತು ಮುರೀತು ಅಂತಲೇ ಲೆಕ್ಕ.

ನನ್ನ ಹತ್ತಿರ ಕೆರೆಯಂಗಳ ಇಲ್ಲ. ಈ ಸಲ ಎರಡು ಎಕರೆಯನ್ನು ಆರು ತುಂಡು ಮಾಡಿದೀನಿ. ಮಳೆಗಾಲದಲ್ಲಿ ತೆನೆ ಬರೋ ಮೊದಲೇ ಮೇಯಿಸಿ ಮುಂದಿನ ತುಂಡಿಗೆ ಹೊಡೀತೀನಿ, ಗೇಣುದ್ದ ಉಳಿಸಿ. ಒಂದು ತುಂಡನ್ನು ಹೂ ಬರೋ ಹೊತ್ತಿಗೆ ಕೊಯ್ದು ಒಣಗಿಸಿ ಬೇಸಿಗೆಗೆ ಇಟ್ಟಿದೀನಿ. ಎರಡು ಹಸು ಬೆದೆಗೆ ಬಂದಿವೆ. ಗಬ್ಬ ನಿಂತರೆ ಬರೀತೀನಿ, ನಿಲ್ಲದಿದ್ದರೂ ಬರೀತೀನಿ.